ಸೋಮನಾಥಪುರದ ಭುವನೇಶ್ವರಿಗಳೂ ಮನೆಯ ಛಾವಣಿಯೂ

ಮನೆ ಕಟ್ಟಿಸುವವರು ನೆಲದ ನುಣುಪನ್ನು ಪರೀಕ್ಷಿಸುತ್ತಾರೆ. ಗೋಡೆಯ ಬಣ್ಣವನ್ನು ಕುರಿತು ನಾಲ್ವರ ಅಭಿಪ್ರಾಯ ಕೇಳುತ್ತಾರೆ. ತಲೆಯ ಮೇಲಿರುವ ಛಾವಣಿಯ ಒಳಮೈಗೆ ಮಾತ್ರ ಬಿಳಿಯ ಸುಣ್ಣ ಬಳಿಸಿ ಮರೆತುಬಿಡುವುದೇ ವಾಡಿಕೆ. ಅದಕ್ಕೂ ಅಲೆ, ಎಲೆ, ಹೂಬಳ್ಳಿಗಳ ಉಬ್ಬುಗೆಲಸವನ್ನು ಮಾಡಿಸಬೇಕೆಂಬ ಆಸೆ ಕೆಲವು ಗೃಹಸ್ಥರಿಗೆ ಹುಟ್ಟುವುದುಂಟು. ಆಸೆ ಒಳ್ಳೆಯದೇ. ಆದರೆ ಕೆಲಸಕ್ಕೆ ಕೈಯಿಕ್ಕುವ ಮುನ್ನ, ಈ ಕಲೆಯಲ್ಲಿ ನಮ್ಮ ನಾಡು ಮುಟ್ಟಿದ ಎತ್ತರವನ್ನು ಕಣ್ಣಾರೆ ಕಾಣುವುದು ಉಚಿತವೆಂದೆಣಿಸಿ ನಾವು ಸೋಮನಾಥಪುರಕ್ಕೆ ಹೊರಟೆವು.

ಮೈಸೂರಿನಿಂದ ಪೂರ್ವಕ್ಕೆ ಸುಮಾರು 35 ಕಿಲೋಮೀಟರುಗಳ ದಾರಿ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು 1258ರಲ್ಲಿ ಪ್ರತಿಷ್ಠೆ ಮಾಡಿಸಿದ ಕೇಶವ ದೇವಾಲಯ ಇಲ್ಲಿದೆ. ಬೇಲೂರು, ಹಳೇಬೀಡುಗಳ ಗುಡಿಗಳೊಡನೆ ಇದೂ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬಂದವರ ಕಣ್ಣು ಸಾಮಾನ್ಯವಾಗಿ ಹೊರಗೋಡೆಯ ವಿಗ್ರಹಗಳಲ್ಲಿಯೇ ನಿಂತುಬಿಡುತ್ತದೆ. ನಾವು ನೇರವಾಗಿ ಒಳಗೆ ಹೋಗಿ ಕತ್ತೆತ್ತಿದೆವು.

ಮಂಟಪದಲ್ಲಿ 16 ಭುವನೇಶ್ವರಿಗಳಿವೆ, ಒಂದರಂತೆ ಮತ್ತೊಂದಿಲ್ಲ. ಒಂದರಲ್ಲಿ ಕಮಲದ ದಳಗಳು, ಇನ್ನೊಂದರಲ್ಲಿ ನಕ್ಷತ್ರದ ಕೋನಗಳು. ಕೆಲವುಗಳ ನಡುವಿನಿಂದ ಬಾಳೆಯ ಹೂವು ಇಳಿಬಿದ್ದಿರುತ್ತದೆ. ಕಂಬಗಳ ಮೇಲಿನ ತೊಲೆಗಳು ಚೌಕವೊಂದನ್ನು ಮಾಡುತ್ತವೆ. ಆ ಚೌಕದ ಮೂಲೆಗಳಿಗೆ ಅಡ್ಡಲಾಗಿ ಕಲ್ಲುಗಳನ್ನಿಟ್ಟು, ಸುತ್ತು ಸುತ್ತಾಗಿ ಕಿರಿದುಮಾಡುತ್ತ, ಕೊನೆಗೆ ನಡುವೆ ಒಂದು ಮುಚ್ಚುಗಲ್ಲನ್ನು ಕೂರಿಸಿದ್ದಾರೆ. ಬಳಪದ ಕಲ್ಲು ಉಳಿಗೆ ಸುಲಭವಾಗಿ ಒಗ್ಗುವುದರಿಂದ ಇಷ್ಟು ನವುರಾದ ಕೆಲಸ ಸಾಧ್ಯವಾಯಿತು. ಬಾಗಿಲಿನಿಂದಲೂ ಜಾಲಂಧ್ರಗಳಿಂದಲೂ ಓರೆಯಾಗಿ ಬರುವ ಮಂದವಾದ ಬೆಳಕು ಒಂದೊಂದು ದಳಕ್ಕೂ ಒಂದೊಂದು ನೆರಳನ್ನು ಕೊಡುತ್ತದೆ. ಭಾರವನ್ನು ಹೊತ್ತ ಕಲ್ಲೇ ಇಲ್ಲಿ ಹೂವಾಗಿದೆ. ಅಲಂಕಾರವು ಕಟ್ಟಡಕ್ಕೆ ಆಮೇಲೆ ಅಂಟಿಸಿದ ವಸ್ತುವಲ್ಲ.

ಹಿಂದಿರುಗುವಾಗ ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನೂ ನೋಡಿದೆವು. ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಈ ಬೇಸಗೆಯರಮನೆಯಲ್ಲಿ ಮರದ ಛಾವಣಿಯನ್ನು ಹೂವಿನ ಚಿತ್ತಾರದಿಂದ ಅಲಂಕರಿಸಿದ್ದಾರೆ. ವಾಸದ ಮನೆಯ ಛಾವಣಿಗೆ ಆಳವಾದ ಕೆತ್ತನೆಯೇ ಬೇಕೆಂದಿಲ್ಲ, ಹಗುರವಾದ ಕೈಗೆಲಸವೂ ಸಾಕೆಂಬುದು ಅಲ್ಲಿ ಮನದಟ್ಟಾಗುತ್ತದೆ.

ನಮ್ಮ ಮನೆಗಳ ಸ್ಥಿತಿ ಗುಡಿಯದರಂತಲ್ಲ. ಇಲ್ಲಿ ಉಬ್ಬುಗೆಲಸವು ಛಾವಣಿಯನ್ನು ಹೊರುವುದಿಲ್ಲ, ಅದಕ್ಕೆ ಜೋತುಬಿದ್ದಿರುತ್ತದೆ. ಹಿಡಿತ ತಪ್ಪಿದರೆ ಬೀಳುವುದು ಮಲಗಿರುವ ಮಕ್ಕಳ ಮೇಲೆಯೇ. ಆದುದರಿಂದ ಮೊದಲು ಮಳೆಗಾಲವೊಂದನ್ನು ಕಾದು, ನೀರು ಜಿನುಗುವ ತಾಣಗಳನ್ನು ಮೇಲಿನಿಂದಲೇ ಸರಿಪಡಿಸಿಕೊಳ್ಳಬೇಕು. ತೇವವನ್ನು ಅಲಂಕಾರದಿಂದ ಮುಚ್ಚಿದರೆ ಅದು ಒಳಗೇ ಬೆಳೆದು ಒಂದು ದಿನ ಗಾರೆಯನ್ನೇ ಕಳಚುತ್ತದೆ. ಹಳೆಯ ಗಾರೆಯನ್ನು ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದೆಡೆಯನ್ನು ಕಿತ್ತು ತೆಗೆಯಿಸಬೇಕು. ಕಾಂಕ್ರೀಟಿನ ನುಣುಪಾದ ಮೈಯನ್ನು ಕಚ್ಚುಮಾಡಿಸಿ, ಧೂಳು ತೊಳೆದು, ಒದ್ದೆಮಾಡಿದ ಬಳಿಕವೇ ಹೊಸ ಗಾರೆ ಹಿಡಿಯುತ್ತದೆ. ಆ ಗಾರೆಯೂ ತೆಳುವಾಗಿರಲಿ. ಛಾವಣಿಗೆ 6 ಮಿಲಿಮೀಟರು ದಪ್ಪ ಸಾಕು. ಅದರ ಮೇಲೆ ಹಚ್ಚುವ ತೆಳುವಾದ ಲೇಪ ಇನ್ನೂ ಹಸಿಯಾಗಿರುವಾಗಲೇ ಹಲ್ಲಿನ ಹಲಗೆಯಿಂದ ಅಲೆಯನ್ನೆಳೆಯಬಹುದು; ಕುಂಚದಿಂದ ಚುಕ್ಕೆಯನ್ನಿಡಬಹುದು. ಒಂದು ಹಲಗೆಯ ಮೇಲೆ ಮಾದರಿಯನ್ನು ಮಾಡಿಸಿ, ಸಂಜೆ ದೀಪವನ್ನು ಪಕ್ಕದಲ್ಲಿಟ್ಟು ನೋಡಿದರೆ ನೆರಳು ಹಿತವೋ ಅತಿಯೋ ತಿಳಿಯುತ್ತದೆ. ಅಡಿಗೆಮನೆಗೆ ಉಬ್ಬುಗೆಲಸ ಬೇಡ. ಜಿಡ್ಡೂ ಮಸಿಯೂ ಗೆರೆಗಳಲ್ಲಿ ಸೇರಿದರೆ ತೊಳೆಯುವುದು ಕಷ್ಟ. ತಗ್ಗಾದ ಕೋಣೆಗಳಲ್ಲಿ ಗೆರೆ ಎಷ್ಟು ಕಿರಿದೋ ಅಷ್ಟು ಚೆನ್ನ.

ಮಾಡಿಸುವ ಮನಸ್ಸುಳ್ಳ ವಾಚಕರು ಮೇಸ್ತ್ರಿಯೊಡನೆ ಒಮ್ಮೆ ಸೋಮನಾಥಪುರಕ್ಕೆ ಹೋಗಿಬರಲಿ. ಗುಡಿ ಪೂರ್ವಾಭಿಮುಖವಾದುದರಿಂದ ಬೆಳಗಿನ ಹೊತ್ತೇ ಮೇಲು.