ಆರು ವಾಲ್ವ್, ಒಂದು ಕ್ಯಾಮ್, ಒಂಬತ್ತು ದಿನ

ಭಾಗ 1/7

ಹೋದ ವಾರ ಸ್ಟೋರಿಯಲ್ಲಿ ಹಾಕಿದ್ನಲ್ಲ, ಮೊಟ್ಟೆ ಆಕಾರದ ಉಬ್ಬುಗಳಿರೋ ಒಂದು ಕಬ್ಬಿಣದ ರಾಡ್, ಅದೇನು ಅಂತ ತುಂಬಾ ಜನ ಕೇಳಿದ್ರಿ. ಒಬ್ರಂತೂ ಕಬ್ಬಿನ ಹಾಲು ಮಷೀನಿನ ಪಾರ್ಟಾ ಅಂದ್ರಿ! ಅಲ್ಲ ಕಣ್ರೋ. ಅದು ನಮ್ಮಪ್ಪನ ಮಾರುತಿ 800ರ ಕ್ಯಾಮ್‌ಶಾಫ್ಟ್. ಹಳೇದು. ಹೊಸದು ಈಗ ಎಂಜಿನ್ ಒಳಗಿದೆ. ಅದನ್ನ ಮನೆ ಅಂಗಳದಲ್ಲೇ ಹಾಕಿದ್ದು, ನಾನು ಮತ್ತು ನನ್ನ ಸೋದರಮಾವ.

ಈ ಸೀರೀಸ್ ಅದರ ಬಗ್ಗೆನೇ. ಏಳು ಭಾಗ ಇದೆ, ಸೇವ್ ಮಾಡ್ಕೊಳ್ಳಿ.

ಮೊದಲು ಒಂದು ವಿಷಯ. ಇದು ಶೋಕಿಗೆ ಮಾಡಿದ ಕೆಲಸ ಅಲ್ಲ. ಅಪ್ಪ ದಿನಾ ಬೆಳಗ್ಗೆ ಐದೂವರೆಗೆ ಇಡ್ಲಿ, ಚಟ್ನಿ, ಸಾಂಬಾರ್ ಡಬ್ಬಿಗಳನ್ನ ಈ ಕಾರಲ್ಲಿ ತುಂಬ್ಕೊಂಡು ತುಮಕೂರಿಂದ ವಸಂತನರಸಾಪುರದ ಫ್ಯಾಕ್ಟರಿಗಳ ಕಡೆ ಹೋಗ್ತಾರೆ. ಕಾರು ನಿಂತ್ರೆ ಆಟೋ ಬಾಡಿಗೆ, ಆಟೋ ಬಾಡಿಗೆ ಕೊಟ್ರೆ ಲಾಭ ಇಲ್ಲ. ಗ್ಯಾರೇಜಲ್ಲಿ ಹೇಳಿದ ರೇಟು ಈ ಕಾರಿನ ಸೆಕೆಂಡ್‌ಹ್ಯಾಂಡ್ ಬೆಲೆಯ ಅರ್ಧಕ್ಕೆ ಹತ್ತಿರ ಇತ್ತು. ಗುಜರಿಯವರು ಆಗ್ಲೇ ಬಂದು ಒಂದು ಸುತ್ತು ಹಾಕಿ, ಟೈರ್ ಒದ್ದು, ಬೆಲೆ ಹೇಳಿ ಹೋಗಿದ್ರು. ಅಪ್ಪ "ಯೋಚನೆ ಮಾಡಿ ಹೇಳ್ತೀನಿ" ಅಂದಿದ್ರು. ಅಪ್ಪ ಹಾಗಂದ್ರೆ ಮುಕ್ಕಾಲು ಭಾಗ ಒಪ್ಪಿದ ಹಾಗೇನೇ.

ಭಾಗ 2/7

ನಮ್ಮ ಬ್ರಾಂಚಿನವರಿಗೆ ಇದು ಗೊತ್ತು, ಸ್ವೈಪ್ ಮಾಡ್ಬಹುದು. ಬೇರೆಯವರಿಗೋಸ್ಕರ ಸ್ವಲ್ಪ.

ಎಂಜಿನ್‌ಗೂ ಉಸಿರಾಟ ಇದೆ. ಗಾಳಿ ಮತ್ತು ಪೆಟ್ರೋಲ್ ಒಳಗೆ ಬರೋಕೆ ಒಂದು ಬಾಗಿಲು, ಉರಿದ ಹೊಗೆ ಹೊರಗೆ ಹೋಗೋಕೆ ಒಂದು ಬಾಗಿಲು. ಆ ಬಾಗಿಲುಗಳೇ ವಾಲ್ವ್. ನಮ್ಮ ಕಾರು 796 ಸಿಸಿ, ಮೂರು ಸಿಲಿಂಡರ್, ಒಂದೊಂದಕ್ಕೆ ಎರಡು ವಾಲ್ವ್, ಒಟ್ಟು ಆರು. ಈ ಬಾಗಿಲುಗಳನ್ನ ತಳ್ಳಿ ತೆಗೆಯೋದು ಕ್ಯಾಮ್‌ಶಾಫ್ಟಿನ ಉಬ್ಬುಗಳು. ನಡುವೆ ಏತದ ಮರದ ಥರ ಒಂದು ಸಣ್ಣ ತೋಳು ಇರುತ್ತೆ, ಒಂದು ಕಡೆ ಮೇಲೆದ್ರೆ ಇನ್ನೊಂದು ಕಡೆ ಕೆಳಗೆ. ಅದು ರಾಕರ್ ಆರ್ಮ್. ಬಾಗಿಲು ವಾಪಸ್ ಮುಚ್ಚೋದು ಸ್ಪ್ರಿಂಗ್.

ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗಿದ್ರೆ ಕ್ಯಾಮ್ ಒಂದು ಸುತ್ತು. ಲೆಕ್ಕ ಹಾಕಿ: 4000 ಆರ್‌ಪಿಎಂನಲ್ಲಿ ಹೋಗ್ತಿದ್ರೆ ಒಂದೊಂದು ವಾಲ್ವ್ ನಿಮಿಷಕ್ಕೆ 2000 ಸಲ, ಅಂದ್ರೆ ಸೆಕೆಂಡಿಗೆ 33 ಸಲ ತೆರೆದು ಮುಚ್ಚುತ್ತೆ. ಇದೆಲ್ಲ ನಡೆಯೋದು ಕೂದಲಿಗಿಂತ ಎಷ್ಟೋ ತೆಳ್ಳಗಿನ ಎಣ್ಣೆ ಪದರದ ಮೇಲೆ.

ರಾಕರ್ ತುದಿಗೂ ವಾಲ್ವ್ ತಲೆಗೂ ಮಧ್ಯೆ ಬೇಕೂಂತ್ಲೇ ಒಂದು ಚೂರು ಸಂದು ಬಿಟ್ಟಿರ್ತಾರೆ. ಈ ಥರದ ಎಷ್ಟೋ ಎಂಜಿನ್‌ಗಳಲ್ಲಿ ಅದು 0.15 ರಿಂದ 0.30 ಮಿಲಿಮೀಟರ್ ಒಳಗೆ. ಗ್ಯಾರೇಜಲ್ಲಿ "ಟ್ಯಾಪೆಟ್ ಸೆಟ್ಟಿಂಗ್" ಅಂತಾರಲ್ಲ, ಅದು ಈ ಸಂದನ್ನ ಸರಿ ಮಾಡೋದು. ಬಿಸಿಯಾದಾಗ ಹೆಡ್, ವಾಲ್ವ್, ರಾಕರ್ ಎಲ್ಲಾ ಹಿಗ್ಗುತ್ತವೆ, ಆದ್ರೆ ಒಂದೇ ಸಮ ಅಲ್ಲ. ಆ ವ್ಯತ್ಯಾಸಕ್ಕೆ ಜಾಗ ಬೇಕು. ಜಾಸ್ತಿ ಸಂದಿದ್ರೆ ಟಕ ಟಕ ಸದ್ದು. ಸಂದೇ ಇಲ್ಲದಿದ್ರೆ? ಸದ್ದು ಇರಲ್ಲ. ಆದ್ರೆ ವಾಲ್ವ್ ಪೂರ್ತಿ ಮುಚ್ಚಲ್ಲ.

ಈ ಕೊನೇ ಎರಡು ವಾಕ್ಯ ನೆನಪಿಟ್ಕೊಳ್ಳಿ. ನಮ್ಮ ಕಾರಿನ ಕಥೆ ಅಲ್ಲೇ ಇದೆ.

ಭಾಗ 3/7

ನಮ್ಮ ಕಾರಲ್ಲಿ ವರ್ಷದಿಂದ ಟಕ ಟಕ ಸದ್ದಿತ್ತು. ಒಂದು ಗ್ಯಾರೇಜಲ್ಲಿ ಟ್ಯಾಪೆಟ್ ಬಿಗಿ ಮಾಡಿ ಕೊಟ್ರು. ಹತ್ತು ನಿಮಿಷದ ಕೆಲಸ, ಸದ್ದು ನಿಲ್ತು. ಅಪ್ಪ ಖುಷಿಯಾಗಿ ಟೀ ದುಡ್ಡು ಬೇರೆ ಕೊಟ್ಟು ಬಂದ್ರು. ಆಯುಧಪೂಜೆಗೆ ಬಾನೆಟ್ ತೆಗೆದು ಕುಂಕುಮ ಇಟ್ಟಾಗ್ಲೂ ಎಂಜಿನ್ ಎಷ್ಟು ಸೈಲೆಂಟ್ ನೋಡು ಅಂದ್ರು.

ಆಮೇಲೆ ಶುರುವಾಯ್ತು. ಐಡಲಿಂಗಲ್ಲಿ ಗಾಡಿ ನಡುಗೋದು, ಏರಲ್ಲಿ ಎಳೆಯದೇ ಇರೋದು, ಮೈಲೇಜ್ ಬೀಳೋದು. ಮಾವ ಬಂದು ಸೈಲೆನ್ಸರ್ ಹತ್ರ ಕೈ ಹಿಡಿದು, "ಪುಟ್ಟಿ, ಇದು ಎರಡೇ ಕಾಲಲ್ಲಿ ಕುಂಟ್ತಾ ಇದೆ ಕಣೆ" ಅಂದ್ರು. ಮಾವ ಇಪ್ಪತ್ತು ವರ್ಷ ಲಾರಿ ಮೆಕ್ಯಾನಿಕ್ ಆಗಿದ್ದವರು. ಈಗ ಕಣ್ಣು ಅಷ್ಟು ಕಾಣಲ್ಲ, ಸಣ್ಣ ಅಂಕಿ ಓದೋಕಾಗಲ್ಲ. ಅದಕ್ಕೇ ಅಳೆಯೋದು, ಓದೋದು, ಬರೆಯೋದು ನನ್ನ ಪಾಲಿಗೆ ಬಂತು.

ಕಂಪ್ರೆಶನ್ ಗೇಜ್ ಹಾಕಿ ನೋಡಿದ್ವಿ. ಮೊದಲನೇದು, ಎರಡನೇದು 160 ಪಿಎಸ್‌ಐ ಆಸುಪಾಸು. ಮೂರನೇದು 85. ಆಗ ಒಂದು ಚಮಚ ಎಂಜಿನ್ ಆಯಿಲ್‌ನ ಪ್ಲಗ್ ತೂತಿಂದ ಮೂರನೇ ಸಿಲಿಂಡರಿಗೆ ಬಿಟ್ಟು ಮತ್ತೆ ಅಳೆದ್ವಿ. ಪಿಸ್ಟನ್ ರಿಂಗ್ ಸವೆದಿದ್ರೆ ಆಯಿಲ್ ಆ ಸಂದು ಮುಚ್ಚಿ ರೀಡಿಂಗ್ ಮೇಲೇರುತ್ತೆ. ಏರಲಿಲ್ಲ. ಅಂದ್ರೆ ಸೋರ್ತಿರೋದು ಕೆಳಗಲ್ಲ, ಮೇಲೆ, ವಾಲ್ವ್ ಹತ್ರ. ಎಷ್ಟು ಅಗ್ಗದ ಪರೀಕ್ಷೆ ನೋಡಿ. ಒಂದು ಚಮಚ ಆಯಿಲ್ ಇಡೀ ಎಂಜಿನ್ ಬಿಚ್ಚಬೇಕಾ, ಹೆಡ್ ಮಾತ್ರ ಸಾಕಾ ಅಂತ ಹೇಳಿಬಿಡ್ತು.

ಅವತ್ತು ರಾತ್ರಿ ಅಪ್ಪನ ಹತ್ರ ಮಾತಾಡಿದೆ. "ಪಾರ್ಟ್ಸ್ ದುಡ್ಡು ಮಾತ್ರ ಕೊಡಿ, ಹತ್ತು ದಿನ ಟೈಮ್ ಕೊಡಿ." ಅಪ್ಪ ಮಾವನ ಮುಖ ನೋಡಿದ್ರು. ಮಾವ, "ಭಾವ, ಕೈ ನಂದು, ಕಣ್ಣು ಅವಳ್ದು" ಅಂದ್ರು. ಗುಜರಿಯವರಿಗೆ ಫೋನ್ ಹೋಗಲಿಲ್ಲ.

ಭಾಗ 4/7

ಬಿಚ್ಚೋದು. ಬ್ಯಾಟರಿ ನೆಗೆಟಿವ್ ಟರ್ಮಿನಲ್ ಮೊದಲು. ಎಂಜಿನ್ ಪೂರ್ತಿ ತಣ್ಣಗಾದ್ಮೇಲೆ ಕೂಲಂಟ್ ಇಳಿಸಿ. ಕೂಲಂಟ್ ಸಿಹಿಯಾಗಿರುತ್ತೆ, ವಿಷ ಅದು. ಬೀದಿ ನಾಯಿ, ಬೆಕ್ಕು ನೆಕ್ಕಿದ್ರೆ ಸಾಯ್ತವೆ. ಮುಚ್ಚಳ ಇರೋ ಡಬ್ಬಿಗೆ ಹಿಡಿದಿಡಿ, ಚರಂಡಿಗೆ ಚೆಲ್ಲಬೇಡಿ.

ಎಕ್ಸಾಸ್ಟ್ ನಟ್ಟುಗಳು ತುಕ್ಕು ಹಿಡಿದು ಅಂಟಿರುತ್ತವೆ. ಹಿಂದಿನ ರಾತ್ರಿನೇ ಎಣ್ಣೆ ಸ್ಪ್ರೇ ಮಾಡಿ ಬಿಟ್ವಿ. ಟೈಮಿಂಗ್ ಬೆಲ್ಟ್ ತೆಗೆಯೋ ಮುಂಚೆ ಗುರುತುಗಳನ್ನ ಕೂಡಿಸಿ ನಾಲ್ಕು ಕಡೆಯಿಂದ ಫೋಟೋ. ಹೆಡ್ ಬೋಲ್ಟುಗಳನ್ನ ಹೊರಗಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವಾಗಿ ಸಡಿಲ ಮಾಡಬೇಕು. ಒಂದೇ ಸಲ ಒಂದು ಮೂಲೆ ಬಿಚ್ಚಿದ್ರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತೆ.

ಫೋಟೋ 5 ನೋಡಿ, ಆ ರಟ್ಟಿನ ಡಬ್ಬಿ. ಬೇಕರಿಯಿಂದ ತಂದಿದ್ದು. ಅದರ ಮೇಲೆ ಎಂಜಿನ್ ಚಿತ್ರ ಬರೆದು, ಯಾವ ರಾಕರ್ ಎಲ್ಲಿಂದ ಬಂತೋ ಅಲ್ಲೇ ತೂತು ಮಾಡಿ ಸಿಕ್ಕಿಸಿದ್ವಿ. ಕ್ಯಾಮಿನ ಒಂದೊಂದು ಉಬ್ಬಿನ ಜೊತೆ ಒಂದೊಂದು ರಾಕರ್ ವರ್ಷಗಟ್ಲೆ ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದಿಕೊಂಡಿರುತ್ತೆ. ಅದಲು ಬದಲಾದ್ರೆ ಎರಡೂ ಹಾಳು. ಯಾವ ಪಾರ್ಟ್ ಯಾಕೆ ಸವೆಯಿತು ಅಂತ ತಿಳಿಯೋಕೂ ಅದು ಎಲ್ಲಿತ್ತು ಅಂತ ಗೊತ್ತಿರಬೇಕು.

ರಾಕರ್ ಶಾಫ್ಟ್ ಹೊರಗೆ ಬಂದ್ಮೇಲೆ ಕ್ಯಾಮ್‌ನ ಹೆಡ್ಡಿನ ಒಂದು ತುದಿಯಿಂದ ಉದ್ದಕ್ಕೆ, ನಿಧಾನಕ್ಕೆ ಎಳೆಯಬೇಕು. ವರ್ನಿಯರ್ ತಗೊಂಡು ಒಂದೊಂದು ಉಬ್ಬಿನ ಎತ್ತರ ಅಳೆದೆ. ಇನ್‌ಟೇಕನ್ನ ಇನ್‌ಟೇಕ್ ಜೊತೆ, ಎಕ್ಸಾಸ್ಟನ್ನ ಎಕ್ಸಾಸ್ಟ್ ಜೊತೆ ಹೋಲಿಸ್ಬೇಕು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಉಬ್ಬು ಉಳಿದೆರಡಕ್ಕಿಂತ 0.9 ಮಿಲಿಮೀಟರ್ ಗಿಡ್ಡ. ಮೇಲಿನ ಗಟ್ಟಿ ಪದರ ಹೋಗಿ ಉಗುರಿಗೆ ತರಿತರಿ ಸಿಗ್ತಿತ್ತು. ಅದರ ರಾಕರಿನ ಮುಖದಲ್ಲಿ ಗುಂಡಿ. ರಾಕರ್ ಶಾಫ್ಟಿನ ಆಯಿಲ್ ತೂತಿಗೆ ತಂತಿ ಹಾಕಿದ್ರೆ ಕಪ್ಪು ಕೆಸರು. ಎಷ್ಟು ವರ್ಷದ್ದೋ.

ಈಗ ಕಥೆ ಪೂರ್ತಿ ಕಾಣ್ತು. ಎಣ್ಣೆ ತಲುಪದೆ ಉಬ್ಬು, ರಾಕರ್ ಸವೆದವು. ಸವೆದಾಗ ಸಂದು ಜಾಸ್ತಿಯಾಗಿ ಸದ್ದು ಬಂತು. ಆ ಸದ್ದನ್ನ ನಿಲ್ಲಿಸೋಕೆ ಸ್ಕ್ರೂನ ಇರಬೇಕಾದ ಅಳತೆಗಿಂತ ಬಿಗಿ ಮಾಡಲಾಗಿತ್ತು. ವಾಲ್ವ್ ಪೂರ್ತಿ ಮುಚ್ಚದೆ ಅದರ ಅಂಚು ಸುಟ್ಟುಹೋಯ್ತು. ಎಕ್ಸಾಸ್ಟ್ ವಾಲ್ವ್ 600–700 ಡಿಗ್ರಿವರೆಗೆ ಕಾಯುತ್ತೆ. ಅದಕ್ಕೆ ತಣಿಯೋಕೆ ಮುಖ್ಯ ದಾರಿ ಮುಚ್ಚಿದಾಗ ಸೀಟಿಗೆ ತಾಗೋದು. ತಾಗದಿದ್ರೆ ಬಿಸಿ ಹೋಗೋಕೆ ಜಾಗ ಇಲ್ಲ.

ಆ ಸದ್ದು ಕಾಯಿಲೆ ಅಲ್ಲ, ಕಾಯಿಲೆ ಇದೆ ಅಂತ ಹೇಳ್ತಿದ್ದಿದ್ದು. ಅದರ ಬಾಯಿ ಮುಚ್ಚಿಸಿದ್ರು.

ಭಾಗ 5/7

ಪಾರ್ಟ್ಸಿಗೆ ಬೆಳಗಿನ ಟ್ರೇನ್ ಹತ್ತಿ ಬೆಂಗಳೂರು ಜೆ.ಸಿ. ರೋಡ್. ಹಳೇ ಕ್ಯಾಮ್, ಹಳೇ ರಾಕರ್ ಬ್ಯಾಗಲ್ಲಿ. ಯಾವಾಗ್ಲೂ ಹಳೇ ಪಾರ್ಟ್ ತಗೊಂಡೇ ಹೋಗಿ. ಮಾರುತಿ 800 ಡಿಸೆಂಬರ್ 1983ರಿಂದ 2014ರ ಶುರುವರೆಗೆ ತಯಾರಾದ ಗಾಡಿ. ಅದರಲ್ಲಿ 6 ವಾಲ್ವಿಂದೂ ಇದೆ, 12 ವಾಲ್ವಿಂದೂ ಇದೆ. "ಎಂಟ್ನೂರರದ್ದು ಕೊಡಿ" ಅಂದ್ರೆ ಸಾಲಲ್ಲ.

ಅಂಗಡಿಯವರು ಕ್ಯಾಮ್ ಮಾತ್ರ ಸಾಕಲ್ವಾ, ರಾಕರ್ ಹಳೇದೇ ನಡೆಯುತ್ತೆ ಅಂದ್ರು. ಅಪ್ಪನ ದುಡ್ಡು ಎಣಿಸಿ ತಂದಿದ್ದು, ಆಸೆ ಆಗುತ್ತೆ. ಆದ್ರೆ ಗುಂಡಿ ಬಿದ್ದ ರಾಕರನ್ನ ಹೊಸ ಕ್ಯಾಮ್ ಮೇಲೆ ಕೂರಿಸಿದ್ರೆ ಅದು ಅರದ ಥರ ಕೆಲಸ ಮಾಡುತ್ತೆ. ಆರೂ ರಾಕರ್, ಎರಡು ರಾಕರ್ ಶಾಫ್ಟ್, ಎಕ್ಸಾಸ್ಟ್ ವಾಲ್ವ್ ಮೂರು, ವಾಲ್ವ್ ಸೀಲ್ ಆರು, ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ಟೆನ್ಷನರ್ ತಗೊಂಡೆ. ಇನ್‌ಟೇಕ್ ವಾಲ್ವ್ ಚೆನ್ನಾಗಿದ್ವು, ಅವನ್ನ ಉಳಿಸ್ಕೊಂಡ್ವಿ. ಉಳಿಸೋದಾದ್ರೆ ಅಳೆದು ಉಳಿಸಿ, ಅಂದಾಜಲ್ಲಿ ಅಲ್ಲ.

ಮನೇಲಿ ಆಗದ ಕೆಲಸ ಮನೇಲಿ ಮಾಡಬೇಡಿ. ಹೆಡ್ ಸಮತಟ್ಟಾಗಿದೆಯಾ, ಸುಟ್ಟ ವಾಲ್ವಿನ ಸೀಟ್ ಕಟ್ ಮಾಡ್ಬೇಕಾ, ಅದೆಲ್ಲ ತುಮಕೂರಿನ ಒಂದು ಲೇತ್ ಅಂಗಡಿಗೆ ಕೊಟ್ವಿ. ವಾಪಸ್ ಬಂದ್ಮೇಲೆ ಗ್ರೈಂಡಿಂಗ್ ನಾನೇ ಮಾಡಿದ್ದು. ವಾಲ್ವ್ ಅಂಚಿಗೆ ಪೇಸ್ಟ್ ಹಚ್ಚಿ, ರಬ್ಬರ್ ಕಪ್ ಇರೋ ಕೋಲು ಅಂಟಿಸಿ, ಎರಡು ಅಂಗೈ ಮಧ್ಯೆ ಮಜ್ಜಿಗೆ ಕಡೆಯೋ ಥರ ತಿರುಗಿಸೋದು. ಆಗಾಗ ಎತ್ತಿ, ಜಾಗ ಬದಲಿಸಿ. ಸುತ್ತಲೂ ಒಂದೇ ಅಗಲದ ಬೂದು ಬಣ್ಣದ ಉಂಗುರ ಕಂಡ್ರೆ ಸಾಕು. ಅಜ್ಜಿ ನೋಡಿ, "ಅಡುಗೆ ಮನೇಲಿ ಇಷ್ಟು ಹೊತ್ತು ಕಡೆದಿದ್ರೆ ಬೆಣ್ಣೆನಾದ್ರೂ ಬರ್ತಿತ್ತು" ಅಂದ್ರು.

ಪೇಸ್ಟಿನ ಒಂದು ಕಣವೂ ಉಳಿಯಬಾರದು, ಉಳಿದ್ರೆ ಅದು ಎಂಜಿನ್ನನ್ನೇ ಉಜ್ಜುತ್ತೆ. ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದು ವಾಲ್ವ್, ಸ್ಪ್ರಿಂಗ್ ಕೂರಿಸಿ, ಪೋರ್ಟಿಗೆ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಇಟ್ವಿ. ಬೆಳಗ್ಗೆ ಒಂದು ಹನಿನೂ ಕೆಳಗೆ ಇಳಿದಿರಲಿಲ್ಲ.

ಭಾಗ 6/7

ಕೂಡಿಸೋದು. ಇಲ್ಲಿ ಯಾವ ಹೀರೋಗಿರಿನೂ ಇಲ್ಲ, ಬರೀ ಕ್ರಮ.

ಕ್ಯಾಮಿನ ಪ್ರತಿ ಉಬ್ಬಿಗೂ, ರಾಕರ್ ಮುಖಕ್ಕೂ ಧಾರಾಳವಾಗಿ ಎಣ್ಣೆ. ಒಣ ಕ್ಯಾಮ್ ಮೊದಲ ನಿಮಿಷದಲ್ಲೇ ಸವೆಯೋಕೆ ಶುರುವಾಗುತ್ತೆ. ಹೆಡ್ ಬೋಲ್ಟ್ ಈ ಸಲ ಉಲ್ಟಾ, ಮಧ್ಯದಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ರೆಂಚಲ್ಲಿ. ನಮ್ಮ ಹತ್ರ ಇರಲಿಲ್ಲ, ಲೇತ್ ಅಂಗಡಿಯಿಂದ ಒಂದು ದಿನಕ್ಕೆ ಕೇಳಿ ತಂದ್ವಿ. ಎಷ್ಟು ಬಿಗಿ ಅನ್ನೋ ನಂಬರ್ ನಿಮ್ಮ ಗಾಡಿಯ ಮ್ಯಾನುಯಲ್ಲಿಂದ ತಗೊಳ್ಳಿ, ನನ್ನ ಕಾಮೆಂಟಿಂದ ಅಲ್ಲ.

ಬೆಲ್ಟ್ ಹಾಕಿ ಗುರುತು ಕೂಡಿಸಿದ್ಮೇಲೆ ಕೀ ಮುಟ್ಟಬೇಡಿ. ಪ್ಲಗ್ ಬಿಚ್ಚಿಟ್ಟು, ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದ್ರೂ ಗಟ್ಟಿಯಾಗಿ ತಡೆದ್ರೆ ಅಲ್ಲೇ ನಿಲ್ಲಿಸಿ. ಸರಾಗವಾಗಿ ತಿರುಗಿ ಗುರುತುಗಳು ಮತ್ತೆ ಕೂಡಿದ್ರೆ ಟೈಮಿಂಗ್ ಸರಿ.

ಕೊನೇದು ಟ್ಯಾಪೆಟ್. ನಮ್ಮ ಫೈರಿಂಗ್ ಆರ್ಡರ್ 1-3-2. ಒಂದನೇ ಸಿಲಿಂಡರ್ ಕಂಪ್ರೆಶನ್ನಿನ ತುದಿಗೆ ತಂದು ಅದರ ಎರಡು ವಾಲ್ವ್ ಸೆಟ್ ಮಾಡಿ, ಕ್ರ್ಯಾಂಕ್ 240 ಡಿಗ್ರಿ ತಿರುಗಿಸಿ ಮೂರನೇದು, ಮತ್ತೆ 240 ತಿರುಗಿಸಿ ಎರಡನೇದು. ಫಿಲ್ಲರ್ ಗೇಜ್ ಸಂದಲ್ಲಿ ಎಳೆದಾಗ ಸ್ವಲ್ಪ ಹಿಡಿದು ಹಿಡಿದು ಬರಬೇಕು, ಪುಸ್ತಕದ ಮಧ್ಯದಿಂದ ಒಂದು ಹಾಳೆ ಎಳೆದ ಹಾಗೆ. ಲಾಕ್ ನಟ್ ಬಿಗಿ ಮಾಡಿದ್ಮೇಲೆ ಇನ್ನೊಂದು ಸಲ ಅಳೆಯಿರಿ, ಬಿಗಿ ಮಾಡುವಾಗ ಅದು ಜರುಗುತ್ತೆ. ಹಳೇ ವಾಲ್ವಿನ ತಲೆಯಲ್ಲಿ ಗುಳಿ ಬಿದ್ದಿದ್ರೆ ಗೇಜ್ ಆ ಗುಳಿ ಮೇಲೆ ಸೇತುವೆ ಥರ ಕೂತು ಸುಳ್ಳು ಹೇಳುತ್ತೆ, ಅದನ್ನೂ ನೋಡ್ಕೊಳ್ಳಿ.

ಮಾವನಿಗೆ ಗೇಜಿನ ಮೇಲಿನ ಅಂಕಿ ಕಾಣ್ತಿರಲಿಲ್ಲ. ನಾನು ಸೆಟ್ ಮಾಡಿದ ಪ್ರತಿಯೊಂದನ್ನೂ ಅವರು ಗೇಜ್ ಎಳೆದು ಬೆರಳಲ್ಲೇ ನೋಡಿದ್ರು. ಆರರಲ್ಲಿ ಎರಡಕ್ಕೆ "ಇನ್ನೊಂದು ಚೂರು ಬಿಡು" ಅಂದ್ರು. ಮತ್ತೆ ಅಳೆದ್ರೆ ಆ ಎರಡೂ ಅಳತೆಯೊಳಗೇ ಇದ್ವು, ಆದ್ರೆ ಬಿಗಿಯ ಅಂಚಲ್ಲಿ. ಬಿಟ್ಟೆ.

ಭಾಗ 7/7

ಒಂಬತ್ತನೇ ದಿನ ಸಂಜೆ. ಹೊಸ ಆಯಿಲ್, ಹೊಸ ಫಿಲ್ಟರ್. ಇಂಜೆಕ್ಟರ್, ಇಗ್ನಿಷನ್ ಕನೆಕ್ಟರ್ ತೆಗೆದಿಟ್ಟು, ಪ್ಲಗ್ ಇಲ್ಲದೆ ಸ್ಟಾರ್ಟರ್ ತಿರುಗಿಸಿದ್ವಿ, ಆಯಿಲ್ ಲೈಟ್ ಆರೋವರೆಗೆ. ಆಮೇಲೆ ಎಲ್ಲಾ ಜೋಡಿಸಿ ಕೀ ಅಪ್ಪನ ಕೈಗೆ ಕೊಟ್ವಿ. ಎರಡನೇ ಸಲಕ್ಕೆ ಹತ್ಕೊಳ್ತು. ಮೂರು ಕಾಲಲ್ಲೂ ನಿಂತಿತ್ತು.

ತಣ್ಣನೆ ಎಂಜಿನ್ ಅಲ್ವಾ, ಸಣ್ಣಗೆ ಟಿಕ್ ಟಿಕ್ ಅಂತ ಸದ್ದು ಬರ್ತಿತ್ತು. ಅಪ್ಪ ತಕ್ಷಣ, "ಇನ್ನೂ ಸದ್ದಿದೆಯಲ್ಲಮ್ಮಾ?" ಅಂದ್ರು. "ಇದು ಇರಬೇಕಾದ ಸದ್ದು ಅಪ್ಪಾ" ಅಂತ ಸಂದಿನ ವಿಷಯ ಎಲ್ಲಾ ಹೇಳಿದೆ. ಅಪ್ಪ ಬಾನೆಟ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೇಳಿಸ್ಕೊಂಡ್ರು. ಮಾರನೇ ದಿನ ಐದೂವರೆಗೆ ಡಬ್ಬಿಗಳು ಕಾರಲ್ಲೇ ಹೋದವು.

ಮೂರನೇ ಸಿಲಿಂಡರ್ ಕಂಪ್ರೆಶನ್ ಈಗ 155. ಸಾವಿರ ಕಿಲೋಮೀಟರ್ ಆದ್ಮೇಲೆ ಟ್ಯಾಪೆಟ್ ಮತ್ತೆ ಅಳೆಯೋದಿದೆ, ಹೊಸ ಪಾರ್ಟುಗಳು ಕೂತ್ಕೊಳ್ಳೋಕೆ ಟೈಮ್ ತಗೊಳ್ತವೆ.

ನೀವೆಲ್ಲ ನಾಳೆನೇ ಹೆಡ್ ಬಿಚ್ಚಿ ಅಂತ ನಾನು ಹೇಳ್ತಿಲ್ಲ. ಪಕ್ಕದಲ್ಲಿ ತಿಳಿದವರೊಬ್ರು ಇಲ್ಲದೆ, ಮ್ಯಾನುಯಲ್ ಇಲ್ಲದೆ ಮಾಡಬೇಡಿ. ಆದ್ರೆ ಗಾಡಿ ಗ್ಯಾರೇಜಿಗೆ ಬಿಟ್ಟಾಗ ಒಂದು ಪ್ರಶ್ನೆ ಕೇಳೋಕೆ ಯಾವ ಟೂಲೂ ಬೇಡ. "ಸದ್ದು ನಿಂತಿದೆ ಸರಿ ಅಣ್ಣಾ, ಯಾಕೆ ಬರ್ತಿತ್ತು? ಎಷ್ಟಕ್ಕೆ ಸೆಟ್ ಮಾಡಿದ್ರಿ?" ಅಂತ. ಅಳೆದು ಮಾಡಿದವರು ಒಂದು ನಂಬರ್ ಹೇಳ್ತಾರೆ. ನಂಬರ್ ಬರದಿದ್ರೆ ಇನ್ನೊಂದು ಕಡೆ ತೋರಿಸಿ.

ನಿಮ್ಮನೆ ಗಾಡೀಲಿ ಯಾವ ಥರ ಸದ್ದು ಬರ್ತಿದೆ? ತಣ್ಣಗಿದ್ದಾಗಾ, ಬಿಸಿಯಾದ್ಮೇಲಾ? ಕಾಮೆಂಟಲ್ಲಿ ಬರೀರಿ. ನಂಗೆ ಗೊತ್ತಾಗದಿದ್ರೆ ಮಾವನಿಗೆ ಕೇಳಿಸ್ತೀನಿ, ವಾಯ್ಸ್ ನೋಟ್ ಕಳಿಸಿದ್ರೆ ಇನ್ನೂ ಒಳ್ಳೇದು.

#ಮನೆಗ್ಯಾರೇಜ್ #ಮಾರುತಿ800 #ಟ್ಯಾಪೆಟ್ #ಆಟೋಮೊಬೈಲ್‌ಡಿಪ್ಲೊಮಾ #ತುಮಕೂರು