ಬೆಳಕಿನ ಹಿಂದಿನ ಬೂದಿ

ಸಿಂಗಾಪುರವು ಕಡಲ ನಡುವಣ ಕಿರಿಯ ದ್ವೀಪರಾಷ್ಟ್ರ. ಅದರ ವಿಸ್ತಾರ ಸುಮಾರು 730 ಚದರ ಕಿಲೋಮೀಟರು; ಹೆಚ್ಚುಕಡಿಮೆ ನಮ್ಮ ಬೆಂಗಳೂರು ಮಹಾನಗರದಷ್ಟು. ಕಸವನ್ನು ಊರ ಹೊರಗೆ ಸುರಿಯೋಣವೆಂದರೆ ಅಲ್ಲಿ ಊರ ಹೊರಗೆ ಇರುವುದು ಸಮುದ್ರ ಮಾತ್ರ.

ಈ ಇಕ್ಕಟ್ಟಿನಿಂದಲೇ ಉಪಾಯವೊಂದು ಹುಟ್ಟಿತು. ಬಹುಮಹಡಿ ವಸತಿಗಳಲ್ಲಿ ಗೃಹಸ್ಥರು ಕೊಳವೆಗೆ ಹಾಕಿದ ಕಸವು ಕೆಳಗೆ ಸಂಗ್ರಹವಾಗಿ, ಲಾರಿಗಳ ಮೂಲಕ ದಹನ ಸ್ಥಾವರವನ್ನು ಸೇರುತ್ತದೆ. ಇಂತಹ ಮೊದಲನೆಯ ಸ್ಥಾವರವು 1979ರಲ್ಲಿ ಉಲು ಪಾಂಡಾನ್ ಎಂಬಲ್ಲಿ ಆರಂಭವಾಗಿ, 2009ರವರೆಗೆ ನಡೆಯಿತು. 2000ದಲ್ಲಿ ಆರಂಭವಾದ ತುವಾಸ್ ಸೌತ್ ಸ್ಥಾವರವನ್ನು ದಿನಕ್ಕೆ 3,000 ಟನ್ ಕಸ ಸುಡುವಂತೆ ನಿರ್ಮಿಸಲಾಯಿತು. ಕುಲುಮೆಯ ಉಷ್ಣತೆ 850 ಡಿಗ್ರಿ ಸೆಲ್ಸಿಯಸ್ಸಿಗೂ ಮಿಗಿಲು. ಆ ಶಾಖದಿಂದ ನೀರು ಆವಿಯಾಗಿ, ಆವಿಯು ಟರ್ಬೈನನ್ನು ತಿರುಗಿಸಿ, ವಿದ್ಯುತ್ತು ಉತ್ಪನ್ನವಾಗುತ್ತದೆ. ಹೊಗೆಯನ್ನು ಶೋಧಿಸಿಯೇ ಹೊರಬಿಡುತ್ತಾರೆ. ದೇಶದ ಒಟ್ಟು ವಿದ್ಯುತ್ತಿನಲ್ಲಿ ಇದರ ಪಾಲು ಶೇಕಡಾ 2-3 ಮಾತ್ರ. ಕಸದ ಗಾತ್ರವು ಶೇಕಡಾ 90ರಷ್ಟು ಕುಗ್ಗುವುದೇ ಇದರ ಹಿರಿಯ ಫಲ.

ಆದರೆ ಅಗ್ನಿಯೂ ಎಲ್ಲವನ್ನು ನುಂಗಲಾರದು, ಬೂದಿ ಉಳಿಯುತ್ತದೆ. ಅದರೊಳಗಿನ ಲೋಹವನ್ನು ಬೇರ್ಪಡಿಸಿ, ಉಳಿದುದನ್ನು ದೋಣಿಗಳಲ್ಲಿ ಸೆಮಾಕಾವ್ ದ್ವೀಪಕ್ಕೆ ಒಯ್ಯುತ್ತಾರೆ. ಮುಖ್ಯದ್ವೀಪದ ಕಡೆಯ ತಿಪ್ಪೆಯಾದ ಲೋರೋಂಗ್ ಹಾಲುಸ್ 1999ರಲ್ಲಿ ಮುಚ್ಚಿದಾಗ ಈ ತಾಣ ತೆರೆಯಿತು. ಸೆಮಾಕಾವ್ ಮತ್ತು ಸಾಕೆಂಗ್ ಎಂಬೆರಡು ದ್ವೀಪಗಳ ನಡುವಣ ಕಡಲನ್ನು 7 ಕಿಲೋಮೀಟರು ಉದ್ದದ ಒಡ್ಡಿನಿಂದ ಸುತ್ತುಗಟ್ಟಿ, ಕೊಳೆಯು ಸೋರದಂತೆ ಜೇಡಿಮಣ್ಣನ್ನೂ ಅಭೇದ್ಯ ಹೊದಿಕೆಯನ್ನೂ ಹಾಸಿದ್ದಾರೆ. ಅಲ್ಲಿ ದುರ್ಗಂಧವಿಲ್ಲ. ನೆಟ್ಟು ಬೆಳೆಸಿದ ಕಾಂಡ್ಲಾ ಗಿಡಗಳು ಹಸಿರಾಗಿವೆ. ಹಕ್ಕಿಗಳು ಬಂದು ಕೂಡುತ್ತವೆ.

ಈ ಸೊಬಗನ್ನು ಕಂಡು ಹಿಗ್ಗುವವರು ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಈ ದ್ವೀಪಗಳು ಹಿಂದೆ ನಿರ್ಜನವಾಗಿರಲಿಲ್ಲ. ಮೀನು ಹಿಡಿದು ಬದುಕುತ್ತಿದ್ದ ಮಲಯ ಕುಟುಂಬಗಳು ಇಲ್ಲಿ ಕಂಬಗಳ ಮೇಲೆ ಮನೆ ಕಟ್ಟಿಕೊಂಡಿದ್ದವು. ತಾಣವು ತೆರೆಯುವ ಮುನ್ನವೇ ಅವರೆಲ್ಲ ಮುಖ್ಯದ್ವೀಪಕ್ಕೆ ಸ್ಥಳಾಂತರಗೊಂಡರು. ಒಂದು ನಗರದ ಬೂದಿಗೆ ಜಾಗ ದೊರೆಯಿತು. ಕೆಲವರ ಹುಟ್ಟೂರು ಹೋಯಿತು.

ಆ ಜಾಗವೂ ಅಕ್ಷಯವಲ್ಲ. 2035ರ ಹೊತ್ತಿಗೆ ಅದು ತುಂಬೀತೆಂದು ಸರ್ಕಾರವೇ ಅಂದಾಜು ಮಾಡಿದೆ. ಆದುದರಿಂದ, ತಾಣಕ್ಕೆ ಸೇರುವ ತ್ಯಾಜ್ಯವನ್ನು 2030ರೊಳಗೆ ತಲೆಯೊಂದಕ್ಕೆ ಶೇಕಡಾ 30ರಷ್ಟು ತಗ್ಗಿಸುವ ಸಂಕಲ್ಪವನ್ನು 2019ರಲ್ಲಿ ಪ್ರಕಟಿಸಲಾಯಿತು.

ಕಸದಿಂದ ದೀಪ ಉರಿಯುವುದು ನಿಜ. ಹಾಗೆಂದು ಕಸವನ್ನು ಸಂಪತ್ತೆಂದು ಭಾವಿಸಲಾಗದು. ನೀರು ತುಂಬಿದ ಅನ್ನ, ತರಕಾರಿಗಳನ್ನು ಸುಡುವಾಗ ಶಾಖದ ಒಂದು ಪಾಲು ಆ ನೀರನ್ನು ಆರಿಸುವುದಕ್ಕೇ ವ್ಯಯವಾಗುತ್ತದೆ. ಹಸಿಕಸವನ್ನು ಬೇರ್ಪಡಿಸಿ ಗೊಬ್ಬರ ಮಾಡುವುದು, ಉಣ್ಣುವಷ್ಟೇ ಬಡಿಸಿಕೊಳ್ಳುವುದು ಯಾವ ಯಂತ್ರವನ್ನೂ ಬೇಡದ ಕೆಲಸಗಳು. ಇವನ್ನು ತಾಯಂದಿರೊಬ್ಬರೇ ಅಲ್ಲ, ಮನೆಮಂದಿಯೆಲ್ಲರೂ ಕೂಡಿ ಮಾಡತಕ್ಕದ್ದು.