ಎಡಗೈಗೆ ಒಲಿದ ಮಸಿ

ಎಡಗೈಯಲ್ಲಿ ಬರೆಯುವವರಿಗೆ ಇಂಕ್ ಪೆನ್ನು ಒಗ್ಗುವುದಿಲ್ಲ ಎಂದು ನಮ್ಮ ಕಡೆ ಅಂಗಡಿಯವರೂ ಹೇಳುತ್ತಾರೆ, ಮಾಸ್ತರರೂ ಹೇಳುತ್ತಾರೆ. ಹುಟ್ಟಾ ಎಡಚನಾದ ನಾನು ಈ ಮಾತನ್ನು ಒಪ್ಪುವವನಲ್ಲ. ಪೆನ್ನು, ಮಸಿ, ಹಾಳೆ ಮೂರನ್ನೂ ಕೈ ನೋಡಿ ಆರಿಸಿಕೊಂಡರೆ ಎಡಗೈ ಬರಹದ ಸುಖವೇ ಬೇರೆ.

ತೊಡಕಿರುವುದು ಎರಡು ಕಡೆ. ಕನ್ನಡ ಎಡದಿಂದ ಬಲಕ್ಕೆ ಹೋಗುತ್ತದೆ. ಬಲಗೈಯಲ್ಲಿ ಬರೆಯುವವರ ಅಂಗೈ ಹಸಿ ಅಕ್ಷರದಿಂದ ದೂರ ಸರಿಯುತ್ತ ಹೋಗುತ್ತದೆ, ನಮ್ಮದು ಅದರ ಮೇಲೆಯೇ ಹಾಯಬೇಕು. ಇನ್ನು ಅವರ ನಿಬ್ಬು ಎತ್ತಿನ ಹಿಂದೆ ಕುಂಟೆ ಬಂದ ಹಾಗೆ ಬೆರಳ ಹಿಂದೆ ಬರುತ್ತದೆ. ನಾವಾದರೆ ಅದನ್ನು ಮುಂದಕ್ಕೆ ನೂಕುತ್ತೇವೆ. ಚೂಪು ನಿಬ್ಬನ್ನು ನೂಕಿದರೆ ಮೊನೆ ಹಾಳೆಯ ನಾರಿಗೆ ಸಿಕ್ಕು ಕರಕರ ಅನ್ನುತ್ತದೆ, ಮಸಿ ನಡುನಡುವೆ ತಪ್ಪಿಹೋಗುತ್ತದೆ.

ಇದಕ್ಕೆ ಮದ್ದು ನನಗೆ ಸಿಕ್ಕಿದ್ದು ಆಳಂದದಲ್ಲಿ, ಅದೂ ಉರ್ದು ಬರಹದಲ್ಲಿ. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು, ಕಚೇರಿಯ ಭಾಷೆ ಉರ್ದು. ಹಳೆಯ ಜಮೀನಿನ ಕಾಗದ ಬಿಚ್ಚಿದರೆ ಇಂದಿಗೂ ಆ ಲಿಪಿ ಕಾಣುತ್ತದೆ. ಉರ್ದು ಬಲದಿಂದ ಎಡಕ್ಕೆ ನಡೆಯುವ ಬರಹ. ಕನ್ನಡ ಬರೆಯುವಾಗ ನನಗಿರುವ ತೊಡಕೇ ಉರ್ದು ಬರೆಯುವ ಬಲಗೈಗೂ ಉಂಟು. ಆದರೂ ನಾನು ಕಂಡ ಕಾಗದಗಳಲ್ಲಿ ಅಕ್ಷರ ಕದಡಿಲ್ಲ. ತಹಶೀಲ್ ಕಚೇರಿಯ ಮುಂದೆ ಅರ್ಜಿ ಬರೆದುಕೊಡುವ, ಉರ್ದು ಬಲ್ಲ ಹಿರಿಯರೊಬ್ಬರನ್ನು ಕೇಳಿದೆ. “ಕೈ ಗೆರಿ ಮ್ಯಾಲ ಇಡಬ್ಯಾಡ್ರಿ ಸರ, ಕೆಳಗ ಇಡ್ರಿ. ಹಾಳಿ ಒಂಚೂರು ಓರೆ ಮಾಡ್ರಿ” ಅಂದರು. ಹಿಂದಿನ ಕಾಲದ ಲಿಪಿಕಾರರು ದೌತಿಯೊಳಗೆ ರೇಷ್ಮೆ ದಾರದ ಉಂಡೆ ಇಡುತ್ತಿದ್ದರು. ಕಲಮು ಅದಕ್ಕೆ ತಾಗಿ ಬೇಕಾದಷ್ಟೇ ಮಸಿ ಎತ್ತಿಕೊಳ್ಳುತ್ತಿತ್ತು. ಕೈ ಕೆಳಗಿರಬೇಕು, ಮಸಿ ಮಿತವಾಗಿರಬೇಕು. ಎಡಚರು ಕಲಿಯಬೇಕಾದ ಪಾಠ ಇದೇ.

ಅದಕ್ಕೇ ನಿಬ್ಬು ಕೊಳ್ಳುವಾಗ ನಾನು ಸುಮ್ಮನೆ ಸುರುಳಿ ಗೀಚುವುದಿಲ್ಲ, ನಮ್ಮ ಊರುಗಳ ಹೆಸರು ಬರೆದು ನೋಡುತ್ತೇನೆ. ‘ಆಳಂದ’ ಬರೆದಾಗ ಸೊನ್ನೆ ಟೊಳ್ಳಾಗಿಯೇ ಉಳಿಯಬೇಕು. ದಪ್ಪ ನಿಬ್ಬಿನಲ್ಲಿ ಅದು ಬರೀ ಚುಕ್ಕೆಯಾಗುತ್ತದೆ. ‘ಅಫಜಲಪುರ’ದಲ್ಲಿ ಫಕಾರವೂ ಇದೆ, ಪಕಾರವೂ ಇದೆ. ಮಸಿ ಹೆಚ್ಚಾದರೆ ಫಕಾರದ ಕೆಳಗಿನ ಸೀಳು ಮುಚ್ಚಿ ಎರಡೂ ಒಂದೇ ಆಗಿಬಿಡುತ್ತವೆ. ‘ಜೇವರ್ಗಿ’ಯ ಅರ್ಕಾವತ್ತು ಬಲಕ್ಕೆ ಹೊರಳುವಲ್ಲಿ ನೂಕು ಹೆಚ್ಚು, ನಿಬ್ಬಿನ ಗುಣ ತಿಳಿಯುವುದು ಅಲ್ಲೇ. ಕೊನೆಗೆ ‘ತಹಶೀಲ್ದಾರ’ ಎಂದು ಬರೆದರೆ ದಕಾರದ ಒತ್ತು ಗೆರೆಯ ಕೆಳಗೆ ಇಳಿದು ಅಂಗೈ ಇನ್ನೂ ಎಷ್ಟು ಸರಿಯಬೇಕು ಎಂಬುದನ್ನು ತೋರಿಸಿಕೊಡುತ್ತದೆ. ಒತ್ತಕ್ಷರವುಳ್ಳ ನಮ್ಮ ಲಿಪಿಗೆ ಅಗಲ ಗೆರೆಯ ವಹಿ ಹಿತ.

ಇಷ್ಟೂ ಪರೀಕ್ಷೆ ಗೆಲ್ಲುವುದು ತುದಿ ಗುಂಡಗೆ, ನುಣ್ಣಗೆ ಇರುವ ಸಣ್ಣ ನಿಬ್ಬು. ಚಪ್ಪಟೆಯಾಗಿ ಕೊರೆದ ನಿಬ್ಬು ನಮ್ಮ ನೂಕಿಗೆ ಬಗ್ಗುವುದಿಲ್ಲ. ಜರ್ಮನಿಯ ಲ್ಯಾಮಿ ಕಂಪನಿ ಎಡಚರಿಗೆಂದೇ ನಿಬ್ಬು ಮಾಡುತ್ತದೆ. ಅಷ್ಟು ದೂರ ಹೋಗದೆ, ಮೊನೆ ಮಾತ್ರ ಹೊರಗೆ ಕಾಣುವ ಚೀನಾದ ಹೀರೋ ಪೆನ್ನೂ ನನ್ನ ಕೈಗೆ ಚೆನ್ನಾಗಿ ಹೊಂದಿದೆ. ನಮ್ಮ ಬಿಸಿಲಿಗೆ ಅದು ತಕ್ಕ ಪೆನ್ನು, ಮುಚ್ಚಿದ ನಿಬ್ಬು ಬೇಗ ಒಣಗುವುದಿಲ್ಲ.

ಬಿಸಿಲು ಎಡಚರ ನೆಂಟ. ಬೇಸಗೆಯಲ್ಲಿ ಪಾದರಸ 40 ಡಿಗ್ರಿ ದಾಟಿದಾಗ ಅಂಗೈ ಬರುವುದರೊಳಗೆ ಅಕ್ಷರ ಒಣಗಿರುತ್ತದೆ. ಫಿಲ್ಲರಿನಿಂದ ಮಸಿ ತುಂಬುವ ಪೆನ್ನನ್ನು ಮಾತ್ರ ಆ ದಿನಗಳಲ್ಲಿ ಅರ್ಧ ಖಾಲಿ ಬಿಡಬಾರದು. ಒಳಗಿನ ಗಾಳಿ ಕಾದು ಹಿಗ್ಗಿ ಮಸಿಯನ್ನು ಹೊರಕ್ಕೆ ತಳ್ಳುತ್ತದೆ. ಅಮರ್ಜಾ ಬಂದು ಭೀಮೆಯನ್ನು ಕೂಡುವ ಗಾಣಗಾಪುರದಲ್ಲಿ ಮಳೆಗಾಲಕ್ಕೆ ಕೂತು ಬರೆದರೆ ಅದೇ ಮಸಿ ಬಹಳ ಹೊತ್ತು ಹಸಿಯಾಗಿರುತ್ತದೆ. ಆಗ ಒಂದು ಒತ್ತುಕಾಗದ ಅಂಗೈ ಕೆಳಗಿರಬೇಕು. ಮಸಿಯಲ್ಲಿ ನನಗೆ ಕ್ಯಾಮ್ಲಿನ್‌ನ ರಾಯಲ್ ಬ್ಲೂ ಇಷ್ಟ. ತೆಳುವಾಗಿ ಹರಿಯುತ್ತದೆ, ಬೆರಳಿಗೆ ಅಂಟಿದರೂ ತೊಳೆದರೆ ಹೋಗುತ್ತದೆ. ಮಿನುಗುವ ಮಸಿ, ನುಣುಪು ಹಾಳೆ ನೋಡಲು ಚೆಂದ, ಆದರೆ ಒಣಗಲು ತಡ. ಮಸಿಯನ್ನು ಚುರುಕಾಗಿ ಕುಡಿಯುವ ಸಾದಾ ವಹಿ ಎಡಗೈಗೆ ಮೇಲು.

ಈಗಲೂ ಕೆಲವು ಮನೆಗಳಲ್ಲಿ ಮಗು ಎಡಗೈಗೆ ಬಳಪ ತೆಗೆದುಕೊಂಡರೆ ಕಿತ್ತು ಬಲಗೈಗೆ ಕೊಡುತ್ತಾರೆ. ಊಟದ ರೂಢಿ ಬೇರೆ, ಬರಹದ ಮಾತು ಬೇರೆ. ಆ ಮಗುವನ್ನು ಪೆನ್ನಿನ ಅಂಗಡಿಗೆ ಕರೆದೊಯ್ಯಿರಿ. ಬಲಗೈ ಬೆರಳಿಗೆಂದು ತಗ್ಗು ಮಾಡಿದ ಹಿಡಿಕೆ ಬೇಡ, ದುಂಡು ಹಿಡಿಕೆ ಕೇಳಿ. ಹಾಳೆ ಓರೆ ಇಟ್ಟುಕೊಡಿ, ತನ್ನ ಹೆಸರನ್ನು ತಾನೇ ಬರೆದು ನೋಡಲಿ. ಒಗ್ಗದಿದ್ದರೆ ನಿಬ್ಬು ಬದಲಿಸಿ, ಕೈಯನ್ನಲ್ಲ.